ಡಾಕ್ಟರಮ್ಮ ಓಡಿಸದ ಕಾರು

ಇಂಡೋನೇಷ್ಯಾದ ಸೋಲೊ ಪಟ್ಟಣದ ಹಳೇ ಕಾರುಗಳ ಬೀದಿಯಲ್ಲಿ ಇಪ್ಪತ್ತು ಅಂಗಡಿಗಳಿವೆ. ಹೆಂಗಸು ನಡೆಸುವುದು ನನ್ನದೊಂದೇ. ಏಳು ಸೀಟಿನ ಗಾಡಿ ಬಂದರೆ ನನ್ನ ಅಂಗಳದಲ್ಲಿ ಒಂದು ವಾರ ನಿಲ್ಲುವುದಿಲ್ಲ. ಸೆಡಾನ್ ಬಂದರೆ ಬೇರು ಬಿಡುತ್ತದೆ. ರಂಜಾನ್ ಮುಗಿದ ಮೇಲಿನ ಲೆಬರಾನ್ ಹಬ್ಬಕ್ಕೆ ಊರಿಗೆ ಹೊರಟರೆ ಅಜ್ಜಿ, ಅತ್ತೆ, ನಾಲ್ಕು ಮಕ್ಕಳು, ಬುಟ್ಟಿಯಲ್ಲಿ ಕೋಳಿ, ಇಷ್ಟನ್ನೂ ಐದು ಸೀಟಿನಲ್ಲಿ ತುಂಬುವುದು ಹೇಗೆ? ಅದೇ ಮಾದರಿ ಟ್ಯಾಕ್ಸಿಯಾಗಿಯೂ ಓಡಿದ್ದರಂತೂ ಮುಗಿಯಿತು. ಮನೆಯವರು ಜೋಪಾನ ಮಾಡಿದ್ದನ್ನೂ ಜನ ಅನುಮಾನದಿಂದ ನೋಡುತ್ತಾರೆ, ಬೆಲೆ ಸರ್ರನೆ ಇಳಿಯುತ್ತದೆ.

ನನ್ನಪ್ಪ ಸುಪಾರ್ನೊ ಮಾರಲು ತಂದದ್ದು ಸೆಡಾನ್, ಅದೂ ನಿಜವಾದ ಟ್ಯಾಕ್ಸಿಯನ್ನೇ. ಒಂಬತ್ತು ವರ್ಷ ಬಾಡಿಗೆಗೆ ಓಡಿಸಿ, ಕಂಪನಿ ಹರಾಜು ಹಾಕಿದಾಗ ತಾನೇ ಕೊಂಡು ಕಪ್ಪು ಬಣ್ಣ ಹೊಡೆಸಿದ್ದ. ಈಗ ಮೊಮ್ಮಕ್ಕಳೆಲ್ಲ ಹಿಡಿಯುವ ಗಾಡಿ ಬೇಕಿತ್ತು. ಅಪ್ಪನಿಗೆ ಒಳ್ಳೆಯ ಬೆಲೆ ಸಿಗಲೆಂದು, ಛಾವಣಿಯ ಮೇಲೆ ಟ್ಯಾಕ್ಸಿ ದೀಪ ಕೂರಿಸಿದ್ದ ಎರಡು ತೂತುಗಳಿಗೆ ಅವನಿಗೆ ಹೇಳದೆಯೇ ಪುಟ್ಟಿ ತುಂಬಿಸಿದೆ. ಗಾಜಿಗೆ ಚೀಟಿ ಅಂಟಿಸಿದೆ: "ಒಬ್ಬರೇ ಮಾಲೀಕರು. ಡಾಕ್ಟರಮ್ಮ ಓಡಿಸಿದ್ದು."

ನಮ್ಮ ಬೀದಿಯಲ್ಲಿ ಎಲ್ಲರೂ ಬರೆಯುವುದು ಹೀಗೆಯೇ. ಡಾಕ್ಟರಮ್ಮ ಎಂದರೆ ನಿಧಾನ ಓಡಿಸುತ್ತಾಳೆ, ಸಿಗರೇಟು ಸೇದುವುದಿಲ್ಲ ಎಂದು ಗಿರಾಕಿಗಳಿಗೆ ಸಮಾಧಾನ.

ಮದುಮಗಳಿಗೆ ಅಲಂಕಾರ ಮಾಡುವ ಸುನಾರ್ತಿ ಬಂದಳು. ಮದುಮಗಳನ್ನು ಮೆರವಣಿಗೆಯಲ್ಲಿ ಕರೆದೊಯ್ಯಲು ಅವಳಿಗೆ ಸೆಡಾನೇ ಆಗಬೇಕು. ಛಾವಣಿ ಸವರುತ್ತಾ ಕೇಳಿದಳು: "ಟ್ಯಾಕ್ಸಿ ಅಲ್ಲ ತಾನೇ, ರುಸ್ಮಿನಿ? ಬೀಗರು ಮೂಗು ಮುರೀತಾರೆ ಕಣೇ."

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲೇ ನಿಂತಿದ್ದ ಅಪ್ಪ ಚೀಟಿ ಓದಿದ.

"ಯಾರೇ ಈ ಡಾಕ್ಟರಮ್ಮ?"

"ಅಪ್ಪಾ, ಸುಮ್ನಿರು."

"ಆಸ್ಪತ್ರೆ ಮುಟ್ಟೋ ಮೊದ್ಲೇ ಈ ಹಿಂದಿನ ಸೀಟಲ್ಲಿ ಒಂದು ಹೆರಿಗೆ ಆಯ್ತು. ಆವತ್ತು ಯಾವ ಡಾಕ್ಟರಮ್ಮನೂ ಇರ್ಲಿಲ್ಲ, ನಾನೇ ಇದ್ದೆ!"

ಕಾರಿನೊಳಗೆ ಕೂತು ಛಾವಣಿಯ ಒಳಬಟ್ಟೆಯನ್ನು ಪರ್ರನೆ ಎಳೆದ. ಪುಟ್ಟಿ ಮೆತ್ತಿದ ತೂತುಗಳು ಬಯಲಾದವು.

"ನೋಡಿ ತಾಯಿ, ಟ್ಯಾಕ್ಸೀನೇ. ಇಲ್ಲಿದ್ದ ದೀಪಾನೇ ಇವಳನ್ನ ಓದಿಸಿದ್ದು. ನಾಚ್ಕೊಂಡು ಇವಳ್ಯಾಕೆ ಮುಚ್ಚಿದ್ಳೋ ಗೊತ್ತಿಲ್ಲ."

ಸುನಾರ್ತಿ ಮುಂದಿನ ಅಂಗಡಿಗಳತ್ತ ಹೊರಟುಹೋದಳು. ಪಕ್ಕದಂಗಡಿಯವನು ಕಿಸಕ್ಕೆಂದ. ನನಗೆ ಸಿಟ್ಟು ಬಂತು, ಆದರೆ ಅಪ್ಪನ ಮೇಲಲ್ಲ. ಇಡೀ ಬೀದಿಯೆದುರು ನನ್ನಪ್ಪನನ್ನು ಅಳಿಸಿಹಾಕಿ ಅವನ ಜಾಗದಲ್ಲಿ ಯಾರನ್ನೋ ಕೂರಿಸಿದವಳು ನಾನೇ. ಚೀಟಿ ಹರಿದು ಹೊಸದು ಬರೆದೆ, ದಪ್ಪಕ್ಷರದಲ್ಲಿ: "ಟ್ಯಾಕ್ಸಿ. ಒಂಬತ್ತು ವರ್ಷ. ಒಬ್ಬನೇ ಡ್ರೈವರ್, ನನ್ನಪ್ಪ."

"ಇನ್ನು ಇದು ಹೋದ ಹಾಗೇ!" ಎಂದ ಪಕ್ಕದವನು.

"ಹೋಗದಿದ್ರೆ ಇಲ್ಲೇ ಇರ್ಲಿ. ನನ್ನ ಅಂಗಳಕ್ಕೆ ಶೋಭೆ," ಎಂದೆ.

ಮಧ್ಯಾಹ್ನ ಸುನಾರ್ತಿ ಬಿಸಿಲಲ್ಲಿ ಬೆವರುತ್ತಾ ಮರಳಿ ಬಂದಳು.

"ಈ ಸಾಲಲ್ಲಿ ಹನ್ನೊಂದು ಡಾಕ್ಟರಮ್ಮಂದಿರ ಕಾರಿದ್ವು ಕಣೇ. ಒಂದರಲ್ಲಿ ಸಿಗರೇಟು ವಾಸ್ನೆ, ಇನ್ನೊಂದರಲ್ಲಿ ಮೀನಿನ ವಾಸ್ನೆ. ನಿಜ ಬರ್ದಿರೋದು ಇದೊಂದೇ." ಚೀಟಿಯನ್ನು ಮತ್ತೆ ಓದಿದಳು. "ಹೆರಿಗೆ ಆದ ಸೀಟು ಅಂದ್ರಲ್ಲ, ಮದುಮಗಳಿಗೆ ಇದಕ್ಕಿಂತ ಒಳ್ಳೇ ಶಕುನ ಬೇಕಾ? ಬೀಗರಿಗೆ ಹಾಗೇ ಹೇಳ್ತೀನಿ. ಟ್ಯಾಕ್ಸಿ ಬೆಲೆಗೇ ಕೊಡ್ಬೇಕು ಮತ್ತೆ."

"ಟ್ಯಾಕ್ಸಿ ಬೆಲೆಗೇ," ಎಂದ ಅಪ್ಪ.

ಆ ಬೆಲೆಗೆ ನಾವು ಅಂದುಕೊಂಡಿದ್ದ ಗಾಡಿ ಬರುವುದಿಲ್ಲ, ಇನ್ನೂ ಹಳೆಯದು ಬಂದೀತು. ಅಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕೀಲಿ ಒಪ್ಪಿಸುವ ಮೊದಲು ಗಾಜು ಒರೆಸಲು ಬಗ್ಗಿದ, ಚೀಟಿಯ ಮೂಲೆಗಳನ್ನು ಹರಿಯದಂತೆ ಉಗುರಿನಿಂದ ಎಬ್ಬಿಸಿದ.

"ಅದ್ಯಾಕಪ್ಪಾ? ಬಿಸಾಕು."

"ನಿನ್ ಕೆಲ್ಸ ನೋಡ್ಕೋ," ಎಂದು ಅದನ್ನು ನಾಲ್ಕಾಗಿ ಮಡಚಿ, ತನ್ನ ಹಳೆಯ ಡ್ರೈವಿಂಗ್ ಲೈಸೆನ್ಸಿನ ಜೊತೆ ಎದೆಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡ.