ಟ್ಯೂರಿನ್‌ನಲ್ಲಿ ನೀರು ಮುಟ್ಟದ ದಿನ

ಇಟಲಿಯ ಟ್ಯೂರಿನ್ ಊರಿಗೆ ಕಾರು ಬಂದು ನಿಂತಾಗಲೇ ಗುರುಪಾದಸ್ವಾಮಿಯವರಿಗೆ ಗೊತ್ತಾದದ್ದು, ಕೊರಳಲ್ಲಿ ಲಿಂಗ ಇಲ್ಲ ಅಂತ. ಅಂಗಿಯೊಳಗೆ ಕೈ ಹಾಕಿ ಎದೆ ಸವರಿದರು. ಶಿವದಾರವೂ ಇಲ್ಲ, ಬೆಳ್ಳಿ ಕರಡಿಗೆಯೂ ಇಲ್ಲ.

ಎಲ್ಲಿ ಹೋಯಿತು ಅಂತ ಹುಡುಕಬೇಕಾದ್ದೇ ಇರಲಿಲ್ಲ. ರಾತ್ರಿ ತಂಗಿದ್ದ, ಬೆಟ್ಟದ ಆಚೆ ಬುಡದ ಊರಿನ ಲಾಡ್ಜಿನಲ್ಲಿ, ಕುರ್ಚಿಯ ಮೇಲಿದೆ. ಮದುವೆಯಾದಂದಿನಿಂದ ಅವರ ಮನೆಯಲ್ಲಿ ಒಂದು ಪದ್ಧತಿ. ಬೆಳಗಿನ ಪೂಜೆ ಮುಗಿದ ಮೇಲೆ ಇವರು ಲಿಂಗವನ್ನು ಕರಡಿಗೆಯೊಳಗಿಟ್ಟು, ಕಣ್ಣು ಮುಚ್ಚಿಕೊಂಡೇ ಬಲಗಡೆಗೆ ಚಾಚುವುದು. ಹೆಂಡತಿ ಪುಟ್ಟಬಸಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಇವರ ಕೊರಳಿಗೆ ಹಾಕುವುದು. ಪುಟ್ಟಬಸಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಈ ದಿನವೂ ಇವರು ಬಲಗಡೆಗೆ ಚಾಚಿದರು. ಅಲ್ಲಿ ಕುರ್ಚಿ ಇತ್ತು. ಅಷ್ಟರಲ್ಲಿ ಕೆಳಗಿನಿಂದ ಕಾರಿನ ಹಾರನ್ ಕೇಳಿಸಿತು, ಎದ್ದು ಬಂದುಬಿಟ್ಟರು.

ಅದು ಅರವತ್ತೆಂಟನೇ ಇಸವಿ. ಮುಳ್ಳೂರಿನ ಗುರುಪಾದಸ್ವಾಮಿಯವರು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಇಟ್ಟವರು. ಪರದೇಶದ ರೇಷ್ಮೆ ಕೆಲಸ ನೋಡಿಬರಲು ಅವರನ್ನೂ ರಾಮಾಪುರದ ಕಡೆಯ ರೇಷ್ಮೆ ಇನ್‌ಸ್ಪೆಕ್ಟರ್ ನಾಗಯ್ಯನನ್ನೂ ಸರ್ಕಾರದವರು ಕಳಿಸಿದ್ದರು. ಫ್ರಾನ್ಸಿನಿಂದ ಬಾಡಿಗೆ ಕಾರಿನಲ್ಲಿ ಬೆಟ್ಟ ದಾಟಿ ಬಂದವರು ಮಾರನೇ ಬೆಳಿಗ್ಗೆ ಕೋಮೋ ಊರಿನಲ್ಲಿ ದಾರ ಹುರಿ ಮಾಡುವ ಮಿಲ್ಲು ನೋಡಬೇಕಿತ್ತು. “ಓಗ್ಬನ್ನಿ ಅಪ್ಪಾಜಿ, ಮನ್ಸು ಅಗುರಾಯ್ತದೆ” ಅಂತ ಮಕ್ಕಳೇ ಒತ್ತಾಯ ಮಾಡಿ ಹೊರಡಿಸಿದ್ದರು.

ಬೆಟ್ಟ ಇಳಿಯುವಾಗಲೇ ಕ್ಲಚ್ಚು ಸುಟ್ಟ ವಾಸನೆ ಬಂದಿತ್ತು. ಡ್ರೈವರ್ ಬ್ರೂನೋ ಗಾಡಿಯನ್ನು ಗ್ಯಾರೇಜಿಗೆ ಹಾಕಿ, ಇಬ್ಬರನ್ನೂ ಊರ ಚೌಕದ ತನಕ ನಡೆಸಿಕೊಂಡು ಬಂದು, ಸಂಜೆ ಇಲ್ಲಿಗೇ ಬರುತ್ತೇನೆ ಅಂತ ಕೈಸನ್ನೆ ಮಾಡಿ ಹೋದ.

“ಬನ್ನಿ ಸಾವ್ಕಾರ್ರೆ, ಪುಗಸಟ್ಟೆ ಒಂದಿನ ಸಿಕ್ತು. ಊರ ನೋಡ್ಮ,” ಅಂದ ನಾಗಯ್ಯ.

ಹೇಳಿದರೆ ಈಗಲೇ ಹೇಳಬೇಕು. ಬಸ್ಸೋ ರೈಲೋ ಹಿಡಿದು ಹಿಂದಕ್ಕೆ ಹೋಗಬಹುದು. ಗುರುಪಾದಸ್ವಾಮಿಯವರು ಅಂಗಿಯ ಗುಂಡಿ ಹಾಕಿಕೊಂಡು ನಾಗಯ್ಯನ ಹಿಂದೆ ನಡೆದರು.

ಆ ಊರಿನ ಬೀದಿಗಳ ಎರಡೂ ಕಡೆ ಕಮಾನಿನ ಸೂರು. ಮಳೆ ಬರಲಿ ಬಿಸಿಲು ಬರಲಿ, ಜನ ನೆರಳಲ್ಲೇ ಊರು ಸುತ್ತಬಹುದು.

“ನಮ್ ಕೊಳ್ಳೇಗಾಲ್ದಲ್ಲಿ ಇಂಗ್ ಕಟ್ಟಿದ್ರೆ, ಮಾರ್ನೆ ದಿನ್ಕೇ ಒಂದೊಂದ್ ಕಮಾನ್ ಕೆಳ್ಗೂ ಒಂದೊಂದ್ ಬೋಂಡದ ಬಾಣ್ಲಿ ಕೂತಿರದು!” ಅಂದ ನಾಗಯ್ಯ. ತನ್ನ ಮಾತಿಗೆ ತಾನೇ ನಕ್ಕ.

ಅವನು ಕಾಫಿ ಕುಡಿದ. ಬೊಟ್ಟಿನಷ್ಟು ಬಟ್ಟಲಲ್ಲಿ ಕೊಟ್ಟರೆಂದು ಬೈದುಕೊಂಡು ಇನ್ನೊಂದು ಕುಡಿದ. ಗುರುಪಾದಸ್ವಾಮಿಯವರು ಹೊಟ್ಟೆ ಸರಿಯಿಲ್ಲ ಅಂದರು. ಲಿಂಗ ಮೈಮೇಲಿಲ್ಲದೆ, ಅದಕ್ಕೆ ತೋರಿಸದೆ, ಒಂದು ಗುಟುಕು ನೀರನ್ನೂ ಗಂಟಲಿಗೆ ಇಳಿಸುವಂತಿಲ್ಲ. ಆ ನೇಮಕ್ಕೆ ಯೋಚನೆಯೇ ಬೇಕಿರಲಿಲ್ಲ, ಕೈ ತಾನಾಗಿ ಲೋಟವನ್ನು ದೂರ ಸರಿಸುತ್ತಿತ್ತು. ದೊಡ್ಡ ಇಗರ್ಜಿಯೊಳಗೆ ಮುದುಕಿಯೊಬ್ಬಳು ಮೇಣದಬತ್ತಿ ಹಚ್ಚಿ ಬಿಕ್ಕುತ್ತಿದ್ದಳು. ಅವರು ನಿಂತು ನೋಡಿದರು. ಹೊಳೆಯ ಸೇತುವೆ, ಕುದುರೆ ಮೇಲಿನ ರಾಜರ ಪ್ರತಿಮೆ, ಗಾಜಿನೊಳಗಿನ ರೇಷ್ಮೆ ಲಂಗ ಎಲ್ಲ ನೋಡಿದರು. ಯಾವುದೂ ಕಣ್ಣು ದಾಟಿ ಒಳಗೆ ಇಳಿಯಲಿಲ್ಲ.

ಮಧ್ಯಾಹ್ನ ಬೀದಿಯ ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಕಂಬವೊಂದು ಸಿಕ್ಕಿತು. ಕಂಬದಲ್ಲಿ ಗೂಳಿಯ ಮುಖ, ಅದರ ಬಾಯಿಂದ ನೀರು ಸುರಿಯುತ್ತಿತ್ತು. ಇಂಥವು ಆ ಊರ ತುಂಬ ಇದ್ದವು.

“ಅಯ್ಯೋ ನೋಡ್ರೀ! ನಿಮ್ ಬಸಪ್ಪನೇ ಬಂದು ನಿಂತವ್ನೆ. ಅವನ್ ಕೊಟ್ಟ ನೀರ್ನಾದ್ರೂ ಕುಡೀರಿ, ತುಟಿ ಒಣಗೋಗದೆ,” ಅಂದ ನಾಗಯ್ಯ, ತಾನೇ ಮೊದಲು ಬಾಯೊಡ್ಡಿ ಕುಡಿದು.

ಗುರುಪಾದಸ್ವಾಮಿಯವರು ಎಡಗೈ ಒಡ್ಡಿದರು. ದಿನಾ ಬೆಳಿಗ್ಗೆ ಲಿಂಗ ಕೂರುವ ಅಂಗೈ ಅದು. ನೀರು ತುಂಬಿತು, ತಣ್ಣಗಿತ್ತು. ಅಷ್ಟೇ. ಬೆರಳು ಬಿಡಿಸಿ ನೆಲಕ್ಕೆ ಬಿಟ್ಟರು.

“ಇನ್‌ಸ್ಪೆಕ್ಟ್ರೆ, ಲಿಂಗವ ಲಾಡ್ಜಲ್ಲಿ ಬುಟ್ಬಂದೆ.”

ನಾಗಯ್ಯ ಒದ್ದೆ ಬಾಯಿ ಒರೆಸಿಕೊಳ್ಳುವುದನ್ನೂ ಮರೆತ. “ಏನಂದ್ರಿ? ಬೆಳಿಗ್ಗಿಂದ ಗೊತ್ತಾ? ಮತ್ತ್ಯಾಕ್ರೀ ಯೋಳ್ನಿಲ್ಲ? ಊರೆಲ್ಲ ಸುತ್ತುಸ್ಬುಟ್ನಲ್ರೀ ಬರೀ ಒಟ್ಟೇಲಿ!”

“ಲಿಂಗ ಓದ್ರೆ ಪ್ರಾಣ ಓದಂಗೆ ಅಂತ ನಮ್ಮವ್ವ ಯೋಳಳು. ಎದೆ ಧಸಕ್ಕನ್ತದೆ, ಅಂದೇಟ್ಗೆ ವಾಪಸ್ ಓಡೋಗವ ಅಂತ ಬೆಳಿಗ್ಗಿಂದ ಕಾಯ್ತಾವ್ನಿ.” ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. “ಏನೂ ಅನ್ನುಸ್ನಿಲ್ಲ. ಅವಳ್ನ ಮಣ್ಣು ಮಾಡ್ದಾಗ್ಲೂ ಇಂಗೇಯ. ಏನೂ ಅನ್ನುಸ್ದೆ ಇರೋನು ಅದ ತಂದು ಕಟ್ಕಂಡು ಏನ್ ಮಾಡಾನು? ಸುಳ್ಳಾಯ್ತದೆ.”

ನಾಗಯ್ಯ ಕಂಬದ ಪಕ್ಕದ ಕಲ್ಲಿನ ಮೇಲೆ ಕೂತ.

“ನಮ್ ಕಡೆ ರೈತ್ರು ಒಸ್ದಾಗಿ ಹುಳ ಸಾಕ್ದಾಗ,” ಅಂದ, “ಹುಳ ಪೊರೆ ಬುಡಕ್ಕೆ ಅಂತ ಜ್ವರಕ್ಕೆ ಕೂತ್ರೆ ಸತ್ತೋಯ್ತು ಅಂತ ತಟ್ಟೆ ಎತ್ತಿ ತಿಪ್ಪೆಗೆ ಸುರಿಯಕ್ಕೋಯ್ತಾರೆ. ಸೊಪ್ಪು ತಿನ್ನಲ್ಲ, ಅಳ್ಳಾಡಲ್ಲ, ತಲೆ ಎತ್ಕಂಡು ಸುಮ್ಗಿರ್ತದಲ್ಲ! ನಾನು ಬೈದು ತಡೀಬೇಕು. ತಟ್ಟೆ ಇರ್ಲಿ ಕಣ್ರಯ್ಯಾ, ಇದ್ದಲ್ಲೇ ಇರ್ಲಿ ಅಂತ.”

“ಪೊರೆ ಬುಟ್ಟು ಏಳ್ತವೆ ಅಂತೀರಾ?”

“ಎಲ್ಲವೂ ಏಳಲ್ಲ ಸಾವ್ಕಾರ್ರೆ. ಸುಳ್ಯಾಕ್ ಯೋಳ್ಲಿ?”

ಅಲ್ಲಿಂದ ಮುಂದೆ ಇಬ್ಬರೂ ಏನನ್ನೂ ನೋಡಲಿಲ್ಲ. ಚೌಕಕ್ಕೆ ವಾಪಸು ಬಂದು ಕಮಾನಿನ ಕೆಳಗೆ ಕೂತರು. ಸಂಜೆ ಬ್ರೂನೋ ಕಾರು ತಂದು ನಿಲ್ಲಿಸಿ, ಮುಂದಿನ ದಾರಿಯತ್ತ ಬೆರಳು ತೋರಿಸಿ “ಕೋಮೋ?” ಅಂದ. ನಾಗಯ್ಯ ಬೇಕೆಂದೇ ಬೇರೆ ಕಡೆ ತಿರುಗಿ ನಿಂತ. ಹಿಂದಕ್ಕೆ ಹೋದರೆ ನಾಳಿನ ಮಿಲ್ಲು ತಪ್ಪಿಹೋಗುತ್ತದೆ, ಮೇಲಿನವರಿಗೆ ಉತ್ತರ ಹೇಳಬೇಕಾದವನು ಅವನೇ. ಆದರೂ ತೀರ್ಮಾನವನ್ನು ಗುರುಪಾದಸ್ವಾಮಿಯವರಿಗೇ ಬಿಟ್ಟ.

ಗುರುಪಾದಸ್ವಾಮಿಯವರು ಕೈ ಎತ್ತಿ, ಬಂದ ದಾರಿಯ ಬೆಟ್ಟದ ಕಡೆ ತೋರಿಸಿದರು.

ಬ್ರೂನೋ ಹಣೆ ಚಚ್ಚಿಕೊಂಡು ತನ್ನ ಭಾಷೆಯಲ್ಲಿ ಏನೇನೋ ಗೊಣಗಿದ. ನಾಗಯ್ಯ ಬಾಗಿಲು ತೆಗೆದ.

“ಏನಾರ ಅನ್ನುಸ್ತಾ?”

“ಇಲ್ಲ.”

“ಸರಿ, ಕೂತ್ಕಳಿ.”

ಕಾರು ಹೊರಟಿತು. ಊರಿನ ಅಂಚು ದಾಟುವಾಗ ನಾಗಯ್ಯ ಜೋಬಿನಿಂದ ಒಂದು ರೊಟ್ಟಿ ತೆಗೆದ. “ನಿಮ್ಜೊತೆ ನಾನೂ ಉಪಾಸ ಇದ್ದೇನು ಅನ್ಕಬ್ಯಾಡಿ ಮತ್ತೆ. ನಂಗೆ ಅಸೀತದೆ,” ಅಂದು ಮುರಿದು ತಿನ್ನತೊಡಗಿದ. ಗುರುಪಾದಸ್ವಾಮಿಯವರು ಕಿಟಕಿಯ ಆಚೆ ನೋಡುತ್ತ, ಇನ್ನೆಷ್ಟು ದೂರ ಅಂತ ಕೇಳಿದರು.