ಬೀಗ ಹಾಕದ ಮಣೆ

ಸರಕು ನೌಕೆ ನಡೆಸುವ ತಾಯಿ ಎರಡು ವರ್ಷದ ಮೇಲೆ ಮನೆಗೆ ಬಂದವಳೇ, ಹೆಗಲ ಚೀಲವನ್ನೂ ಇಳಿಸದೆ ಮಗಳನ್ನು ಕೇಳಿದಳು: "ಎಲ್ಲೇ ಅವನ ಮಣೆ?"

ಅವನೆಂದರೆ ಮಗಳ ತಮ್ಮ. ಅವನು ಸತ್ತಾಗ ತಾಯಿಯ ನೌಕೆ ಯಾವುದೋ ಗ್ರಹದಾಚೆ ಇತ್ತು. ಮುಖ ನೋಡುವುದಿರಲಿ, ಸುದ್ದಿ ಮುಟ್ಟುವುದೇ ತಡವಾಯಿತು. ಈಗ ಅವಳಿಗೆ ಉಳಿದದ್ದು ಒಂದೇ ಆಸೆ, ಮಗನ ಜೊತೆ ಒಂದಾಟ.

ಆ ಊರಿನವರು ಆಡುವುದು ಕೋಟೆಯಾಟ. ನಮ್ಮ ಚದುರಂಗ ಅದರ ಮುಂದೆ ಮಕ್ಕಳಾಟ ಬಿಡಿ! ಅದರ ಮಣೆಗೆ ಬುದ್ಧಿಯುಂಟು. ಆಡುವವರನ್ನು ನೋಡಿ ನೋಡಿ ಕಲಿತು, ಅವರಿಲ್ಲದಾಗ ಅವರಂತೆಯೇ ತಾನೇ ಕಾಯಿ ನಡೆಸುತ್ತದೆ. ಅದಕ್ಕೇ ಯಾರಾದರೂ ಸತ್ತರೆ ಮೊದಲು ಅವರ ಮಣೆಯ ಕಲಿಕೆಗೆ ಬೀಗ ಹಾಕಬೇಕು. ಆಮೇಲೆ ಯಾರು ಎಷ್ಟು ಆಡಿದರೂ ಸತ್ತವರ ಆಟ ಕೆಡದು. ಆ ಬೀಗ ಹಾಕುವುದೇ ಮಗಳ ಕಸುಬು. ಊರಿಗೆಲ್ಲ ಹಾಕಿಕೊಟ್ಟವಳು ತಮ್ಮನ ಮಣೆಗೆ ಮಾತ್ರ ಹಾಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನಿ. ಸೋಮಾರಿತನವಲ್ಲ, ಪಾಪ. ಬೀಗ ಬಿದ್ದರೆ ಅವನಿನ್ನು ಹೊಸದೇನನ್ನೂ ಕಲಿಯಲಾರ, ಅಂದರೆ ನಿಜವಾಗಿಯೂ ಸತ್ತ ಹಾಗೆ. ಅದನ್ನು ತಾಳಲಾರದೆ ದಿನಾ ಅಂಗಡಿಯಿಂದ ಬಂದು ಅವನೊಡನೆ ಆಡುತ್ತಿದ್ದಳು.

ತಾಯಿ ಮಣೆಯ ಮುಂದೆ ಕೂತಳು. "ಕಳ್ಳ ನನ್ಮಗ, ನನ್ನ ಹತ್ರ ಬೇಕಂತಲೇ ಸೋಲ್ತಿದ್ದ. ಕಾವಲುಗಾರನ ಕಾಯಿ ತಂದು ನನ್ನ ಬಾಯಿಗೇ ಕೊಡೋದು, ಆಮೇಲೆ 'ಅಯ್ಯೋ, ನೋಡ್ಲೇ ಇಲ್ಲಮ್ಮ' ಅಂತ ನಾಟಕ."

ಆಟ ಶುರುವಾಯಿತು. ಕಾವಲುಗಾರ ಕದಲಲಿಲ್ಲ. ತಾಯಿ ದಾರಿ ಬಿಟ್ಟು ಕೊಟ್ಟು ಕಾದಳು, ಆಗಲೂ ಬರಲಿಲ್ಲ. ಮೂಲೆಯ ಕಾಯೊಂದು ಅರ್ಧ ಮನೆ ಸರಿದು, ಅನುಮಾನಿಸಿ ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಗಿ ತಾಯಿಯ ಕೋಟೆಯ ಬಾಗಿಲು ಮುರಿಯಿತು.

ಹಾಗೆ ಅನುಮಾನಿಸಿ ಕಾಯಿ ನಡೆಸುವುದು ಮಗಳದೇ ಚಾಳಿ. ಬದುಕಿರುವಾಗಲೇ ತನ್ನ ದೆವ್ವವನ್ನು ಕಂಡಂತಾಗಿ ಗೋಡೆ ಹಿಡಿದು ನಿಂತಳು.

"ಇದು ಅವನಲ್ಲ ಕಣೇ," ಎಂದಳು ತಾಯಿ. "ಇದು ನೀನು. ಅವನೆಲ್ಲಿ?"

"ಬೀಗ ಹಾಕೋಕೆ ಮನಸ್ಸು ಬರ್ಲಿಲ್ಲಮ್ಮ. ದಿನಾ ಆಡಿದೆ. ಆಡ್ತಾ ಆಡ್ತಾ ನಾನೇ ಅವನನ್ನ ಅಳಿಸಿಬಿಟ್ಟೆ."

ತಾಯಿ ಕಾಯಿಗಳನ್ನೆಲ್ಲ ಮತ್ತೆ ಹೂಡಿದಳು.

"ಬಾ, ಪಕ್ಕದಲ್ಲಿ ಕೂತ್ಕೋ. ಒಂದಾದ್ರೂ ನಡೆ ಅವನದು ಉಳಿದಿರುತ್ತೆ."

ಮಣೆ ಒಂದು ಕಾಯಿ ಸರಿಸಿತು.

"ಇದು?"

"ನಂದಮ್ಮ."

ತಾಯಿ ತನ್ನ ಕಾಯಿ ನಡೆಸಿದಳು. ಮಣೆ ಇನ್ನೊಂದು ಸರಿಸಿತು.

"ಇದು?"

"ಅದೂ ನಂದೇ."