ಸೀಟಿನಲ್ಲಿ ಕೂರುವವಳು

ಶಾಂತರಾಜುವಿಗೆ ಎಡಗಿವಿ ಪೂರ್ತಿ ಹೋಗಿ ಬಲಗಿವಿಯೂ ಮುಕ್ಕಾಲು ಹೋಗಿದೆ ಎನ್ನುವುದು ಚಾಮರಾಜನಗರದಲ್ಲಿ ಅವನ ಹೆಂಡತಿ ನಾಗರತ್ನ ಮತ್ತು ಮಗಳು ಮಾನಸಳನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಯೇ ಅವನು ಉತ್ತರ ಕೊಡುತ್ತಿದ್ದ. ಇಂಜಿನ್ನಿಗೆ ತುಟಿ ಇಲ್ಲವಲ್ಲ. ಹಾಗಾಗಿ ಹಳೇ ಡೀಸೆಲ್ ಗಾಡಿಗಳ ಐಡ್ಲಿಂಗ್ ಸೆಟ್ ಮಾಡುವಾಗ ತನ್ನ ರಿಪೇರಿ ಶೆಡ್ಡಿನ ಹಿಂದಿನ ಮನೆಯಿಂದ ನಾಗರತ್ನಳನ್ನು ಕರೆಯುತ್ತಿದ್ದ. ಆಕ್ಸಿಲೇಟರ್ ತುಳಿಯದೆ ಗಾಡಿ ನಿಂತಲ್ಲೇ ನಿಂತಾಗ ಇಂಜಿನ್ ಎಷ್ಟು ಜೋರಾಗಿ ತಿರುಗಬೇಕು ಎನ್ನುವುದು ಡೀಸೆಲ್ ಪಂಪಿನ ಮೇಲಿನ ಒಂದು ಸಣ್ಣ ಸ್ಕ್ರೂವಿನಲ್ಲಿರುತ್ತದೆ. ಅವನು ಅದನ್ನು ತಿರುಗಿಸುತ್ತಿದ್ದ. ಅವಳು ಡ್ರೈವರ್ ಸೀಟಿನಲ್ಲಿ ಕೂತು, ಅವನಿಗೆ ಕಾಣುವಂತೆ ಕಿಟಕಿಯಿಂದ ಕೈ ಚಾಚುತ್ತಿದ್ದಳು. ಜಾಸ್ತಿಯಾದರೆ ಅಂಗೈ ತಗ್ಗಿಸುವಳು, ಕಮ್ಮಿಯಾದರೆ ಎತ್ತುವಳು, ಸರಿಯಾದರೆ ಮುಷ್ಟಿ ಕಟ್ಟುವಳು.

ಗಿರಾಕಿಗಳು ಕೇಳಿದರೆ, "ಅವಳ್ಗೇನ್ ಗೊತ್ತು ಬುಡಿ ಸಾ, ಬ್ರೇಕ್ ತುಳ್ಕಂಡು ಕೂತಿರು ಅಂತ ಕರ್ದಿದ್ದು" ಎನ್ನುತ್ತಿದ್ದ. ನಾಗರತ್ನ ನಗುತ್ತಿದ್ದಳು. ಗಂಡನ ಮಾನ ತನ್ನ ಮುಷ್ಟಿಯಲ್ಲಿದೆ ಎನ್ನುವುದು ಅವಳಿಗೆ ಒಳಗೊಳಗೇ ಒಂದು ಸುಖವಾಗಿತ್ತು.

ಆ ಸುಖ ಕೆಟ್ಟದ್ದು ಮಾನಸ ಗಂಡನ ಮನೆ ಗುಂಡ್ಲುಪೇಟೆಯಿಂದ ಒಂದೇ ಚೀಲ ಹಿಡಿದು ಬಸ್ಸಿಳಿದು ಬಂದ ದಿನ. ಮಗಳ ಕೆಳತುಟಿ ಒಡೆದಿತ್ತು. ಬಾಗಿಲು ತಾಗಿತು ಎಂದಳು. ತಲೆಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ಕೂದಲು ಕಿತ್ತುಬಂದ ಜಾಗ ತಾಯಿಯ ಬೆರಳಿಗೆ ಸಿಕ್ಕಿತು. ಬಾಗಿಲು ಯಾರ ಕೂದಲನ್ನೂ ಕೀಳುವುದಿಲ್ಲ.

"ಗಂಡ ಹೆಂಡ್ತಿ ಅಂದ್ಮೇಲೆ ಇವೆಲ್ಲ ಇದ್ದುದ್ದೇ" ಎಂದ ಶಾಂತರಾಜು. ಅಳಿಯ ನಂಜುಂಡಸ್ವಾಮಿಗೆ ಫೋನ್ ಮಾಡಿಸಿದ. ಫೋನಿನಲ್ಲಿ ಅವನಿಗೆ ಕೇಳುವುದಿಲ್ಲವಾದ್ದರಿಂದ ನಾಗರತ್ನಳ ಬಾಯಿಂದಲೇ ಆ ಮಾತು ಹೊರಡಬೇಕಾಯಿತು: "ಗಾಡಿ ನಿಂತ್ನಿಂತಲ್ಲೇ ಆಫ್ ಆಯ್ತದೆ ಅಂತಿದ್ರಲ್ಲ, ಭಾನುವಾರ ತಕಂಡ್ ಬರ್ಬೇಕಂತೆ. ಸರಿ ಮಾಡಿ, ಮಾನಸುನ್ನೂ ಅದ್ರಲ್ಲೇ ಕೂರ್ಸಿ ಕಳಿಸ್ತಾರಂತೆ." ಫೋನಿಟ್ಟ ಮೇಲೆ ಬಾಯಿ ಮುಕ್ಕಳಿಸಿದಳು. ರುಚಿ ಹೋಗಲಿಲ್ಲ.

ಭಾನುವಾರ ನಂಜುಂಡಸ್ವಾಮಿ ಬಂದ. ಮದುವೆಯಲ್ಲಿ ಇವರೇ ಕೊಟ್ಟ ಹಳೇ ಟರ್ಬೋ ಗಾಡಿ. ಆಫ್ ಮಾಡುವ ಮುಂಚೆ ಒಮ್ಮೆ ರೇಸ್ ಕೊಟ್ಟು ಗುರ್ರೆನಿಸುವುದು ಅವನ ಚಾಳಿ. "ಟರ್ಬೋ ಗಾಡಿ ಕಣಪ್ಪ, ವಸಿ ಹೊತ್ತು ಸುಮ್ನೆ ಓಡಕ್ ಬುಟ್ಟು ಆಮೇಲೆ ಆಫ್ ಮಾಡಿ, ಒಳಗಿನ ಚಕ್ರ ನಿಲ್ಲಗಂಟ ಆಯಿಲ್ ಬೇಕು, ಇಲ್ದಿದ್ರೆ ಸವ್ದು ಒಂದಿನ ದಾರೀಲೇ ಒಡ್ದೋಯ್ತದೆ" ಎಂದು ಅವನು ಬಂದಾಗಲೆಲ್ಲ ನಾಗರತ್ನ ಹೇಳುತ್ತಿದ್ದಳು. "ನಮ್ಮತ್ತೆ ದೊಡ್ಡ ಮೆಕ್ಯಾನಿಕ್ಕು" ಎಂದು ಅವನು ನಗುತ್ತಿದ್ದ. ಇವತ್ತೂ ಗುರ್ರೆನಿಸಿದ. ಅವಳು ಬಾಯಿ ಬಿಡಲಿಲ್ಲ.

ಅಪ್ಪನ ಮಾತಿನಂತೆ ಮಾನಸ ಚೀಲ ತುಂಬಿ ಜಗಲಿಯ ಮೇಲೆ ಕೂತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಚೀಲ ಒಳಗಿಕ್ಕು ಕಣಮ್ಮಿ" ಎಂದು ಪಿಸುಗುಟ್ಟಿ ನಾಗರತ್ನ ಶೆಡ್ಡಿಗೆ ನಡೆದಳು.

ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದಳು. ಇಂಜಿನ್ ಏರುತ್ತಿತ್ತು, ಕುಸಿಯುತ್ತಿತ್ತು. ಅದರ ಕೆಳಗೆ ಇನ್ನೊಂದು ಸದ್ದು ಇತ್ತು. ಟರ್ಬೋದ ಸಿಳ್ಳಿನೊಳಗೆ ಕೂದಲೆಳೆಯಷ್ಟು ತೆಳ್ಳಗೆ, ಲೋಹ ಲೋಹಕ್ಕೆ ಉಜ್ಜುವ ಕೀರಲು. ಅದನ್ನು ಕೇಳಿ ಮನಸ್ಸಿನಲ್ಲೇ ಇಟ್ಟುಕೊಂಡಳು.

ಶಾಂತರಾಜು ಸ್ಕ್ರೂ ತಿರುಗಿಸತೊಡಗಿದ. ಇಂಜಿನ್ ಮೆಲ್ಲಗೆ ಇಳಿಯಿತು, ಇನ್ನೂ ಇಳಿಯಿತು, ದಮ್ಮಿನ ರೋಗಿಯಂತೆ ಏದುಸಿರುಬಿಟ್ಟಿತು. ನಾಗರತ್ನ ಮುಷ್ಟಿ ಕಟ್ಟಿದಳು.

ಅವನು ಬಾನೆಟ್ಟಿನ ಅಂಚಿಗೆ ಅಂಗೈ ಇಟ್ಟು ನೋಡಿದ. ಕಿಟಕಿಗೆ ಬಂದು, "ನಡುಗ್ತದಲ್ಲಮ್ಮಿ?" ಎಂದ.

"ಇಂಜಿನ್ ಕೆಳಗಿನ ರಬ್ಬರು ಸವ್ದದೆ" ಎಂದಳು, ತುಟಿಗಳನ್ನು ನಿಧಾನವಾಗಿ, ಚೆನ್ನಾಗಿ ಕಾಣುವಂತೆ ಆಡಿಸುತ್ತ. ಅವನು ನಂಬಿ ನಟ್ಟು ಬಿಗಿದ.

ನಂಜುಂಡಸ್ವಾಮಿ ಹತ್ತಿ ಎ.ಸಿ. ಹಾಕಿದ. ಆ ಭಾರ ತಾಳದೆ ಇಂಜಿನ್ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿ ರಸ್ತೆಗೆ ತಿರುಗಿಸುವಷ್ಟರಲ್ಲಿ ಇನ್ನೊಮ್ಮೆ ಸತ್ತಿತು. ಅಡ್ಡ ನಿಂತ ಗಾಡಿಗೆ ಸಂತೆಮರಹಳ್ಳಿ ಬಸ್ಸು ಹಾರನ್ ಹೊಡೆಯಿತು. ಪಕ್ಕದ ಪಂಚರ್ ಅಂಗಡಿಯ ಜಬ್ಬಾರ್ ಸಾಬರು ಎದ್ದು ಬಂದು, "ಏನ್ ಶಾಂತಣ್ಣ, ನಿನ್ನಳಿಯನ ಗಾಡಿ ತವರುಮನೆ ಬುಟ್ಟು ಓಗಲ್ಲ ಅಂತದಾ?" ಎಂದರು. ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು.

ಗಾಡಿಯನ್ನು ಒಳಕ್ಕೆ ತಳ್ಳಿದರು. ಶಾಂತರಾಜು ಬೆವರು ಒರೆಸಿಕೊಂಡು, "ಇನ್ನೊಂದ್ಸಲ ಕೂತ್ಕೊ" ಎಂದ.

"ಬ್ರೇಕ್ ತುಳ್ಯೋಳು ನಾನು, ನನ್ಗೇನ್ ಗೊತ್ತು? ನೀವೇ ಕೇಳ್ಕಂಡು ಮಾಡಿ."

ಅವನು ಅವಳ ತುಟಿಗಳನ್ನೇ ನೋಡಿದ. ಅಳಿಯ ಸ್ಟಾರ್ಟ್ ಮಾಡಿದ. ಎಲ್ಲರೆದುರು ಶಾಂತರಾಜು ಬಗ್ಗಿ ಸ್ಕ್ರೂ ತಿರುಗಿಸಿದ. ಇಂಜಿನ್ ಅರಚತೊಡಗಿತು. ಅವನು ಇನ್ನೂ ತಿರುಗಿಸುತ್ತಲೇ ಇದ್ದ. ಜಬ್ಬಾರ್ ಸಾಬರು ಕಿವಿ ಮುಚ್ಚಿಕೊಂಡರು.

"ಮಾವ, ಕಿವಿ ಏನ್ ಕೆಪ್ಪಾ? ಸಾಕ್ ಬುಡಿ!" ಎಂದು ನಂಜುಂಡಸ್ವಾಮಿ ಕಿರುಚಿದ. ಬಗ್ಗಿದ್ದ ಶಾಂತರಾಜುವಿಗೆ ಆ ತುಟಿಗಳೂ ಕಾಣಲಿಲ್ಲ. ಈ ಸಲ ಯಾರೂ ನಗಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.

ತಲೆಯೆತ್ತಿದಾಗ ಆ ಮುಖಗಳನ್ನು ಕಂಡು ಶಾಂತರಾಜುವಿನ ಕೈ ನಿಂತಿತು. ಹೆಂಡತಿಯ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿರಲಿಲ್ಲ. ನಾಗರತ್ನಳಿಗೆ ಮರುಕ ಬರಬಹುದೆಂಬ ಭಯವಿತ್ತು. ಬರಲಿಲ್ಲ.

ಹತ್ತಿರ ಬಂದು, ಅವನೊಬ್ಬನಿಗೆ ಕಾಣುವಂತೆ ತುಟಿಯಾಡಿಸಿದಳು. "ಮಾನಸ ಬರಕ್ಕಿಲ್ಲ ಅಂತ ನಿಮ್ ಬಾಯಲ್ಲೇ ಅವನ್ಗೆ ಹೇಳಿ. ಆಮೇಲೆ ಕೂತ್ಕತೀನಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ಅಳಿಯನ ಕಡೆ ತಿರುಗಿ, "ನಂಜುಂಡ, ಮಗಳು ಬರಕ್ಕಿಲ್ಲ. ಗಾಡಿ ತಕಂಡು ಓಗು" ಎಂದ.

ಅಳಿಯ ಕೂಗಾಡಿದ. ಜಗಲಿಯತ್ತ ಎರಡು ಹೆಜ್ಜೆ ಇಟ್ಟ. ಜಬ್ಬಾರ್ ಸಾಬರು ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಕೈಯಲ್ಲೇ ಹಿಡಿದು ದಾರಿಯಲ್ಲಿ ನಿಂತಿದ್ದರು. ಜಗಲಿಯ ಮೇಲೆ ಚೀಲವೂ ಇರಲಿಲ್ಲ, ಮಾನಸಳೂ ಇರಲಿಲ್ಲ.

ನಾಗರತ್ನ ಸೀಟಿನಲ್ಲಿ ಕೂತಳು. ಅಂಗೈ ತಗ್ಗಿಸಿದಳು, ತಗ್ಗಿಸಿದಳು, ತುಸು ಎತ್ತಿದಳು, ಮುಷ್ಟಿ ಕಟ್ಟಿದಳು. ಎ.ಸಿ. ಹಾಕಿದರೂ ಇಂಜಿನ್ ಅಲುಗಲಿಲ್ಲ. ಕೂದಲೆಳೆಯ ಕೀರಲು ಮಾತ್ರ ಹಾಗೇ ಇತ್ತು.

ನಂಜುಂಡಸ್ವಾಮಿ ಸಿಟ್ಟಿಗೆ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುವವರೆಗೂ ರೇಸ್ ಕೊಟ್ಟು ತೆರಕಣಾಂಬಿ ಕಡೆಯ ರಸ್ತೆಗೆ ತಿರುಗಿದ.

"ಎಲ್ಲ ಸರಿಯಾಗೇ ಅದಾ?" ಶಾಂತರಾಜು ಕೇಳಿದ. "ಇನ್ನೇನಾರ ಕೇಳಿಸ್ತಾ?"

ನಾಗರತ್ನ ಅವನ ಕಡೆ ಮುಖ ತಿರುಗಿಸಿ, ಸ್ಪಷ್ಟವಾಗಿ, "ಐಡ್ಲಿಂಗ್ ಸರಿಯಾಗೇ ಅದೆ" ಎಂದಳು.